ಮರೆಸುವ ಚಹಾ, ಎದೆಯಲ್ಲಿ ನೆಟ್ಟ ಕತ್ತಿ

ಒಂದು ದೃಶ್ಯದಿಂದ ಆರಂಭಿಸುತ್ತೇನೆ. ಗೋಡೆಯ ತುಂಬ ಬಟ್ಟಲುಗಳನ್ನು ಜೋಡಿಸಿಟ್ಟ ಒಂದು ಚಹಾದ ಕೋಣೆ. ಮೇಜಿನ ಆಚೆ ಕಪ್ಪು ಬಟ್ಟೆ ತೊಟ್ಟ ತರುಣ, ಈಚೆ ಆಗತಾನೆ ಸತ್ತುಹೋದ ಒಬ್ಬ ಮನುಷ್ಯ. ಬದುಕಿದ್ದಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಚಹಾ ಮುಗಿಸಿ ಎದ್ದು ಬಾಗಿಲು ತೆರೆದರೆ, ಆಚೆ ಅವನ ನಾಯಿ ಕಾದು ನಿಂತಿದೆ. ಬದುಕಿದ್ದಷ್ಟು ದಿನ ಅವನಿಗೆ ದಾರಿ ತೋರಿಸುತ್ತಿದ್ದ ನಾಯಿ ಅದು. ಅವನಿಗಿಂತ ಮೊದಲೇ ಸತ್ತಿತ್ತು. ಈಗ ಮುಂದಿನ ದಾರಿ ತೋರಿಸಲು ಬಂದಿದೆ. ದೃಶ್ಯ ಕೆಲವೇ ನಿಮಿಷಗಳದು. ಮುಖ್ಯ ಕಥೆಗೂ ಇದಕ್ಕೂ ಯಾವ ನಂಟೂ ಇಲ್ಲ. ಆದರೂ ಈ ಧಾರಾವಾಹಿಯನ್ನು ನಾನು ಮರೆಯಲಾರೆ ಎಂದು ನನಗೆ ತಿಳಿದದ್ದು ಈ ದೃಶ್ಯ ನೋಡಿದಾಗಲೇ.

ನಾನು ಮಾತಾಡುತ್ತಿರುವುದು ‘ಗಾಬ್ಲಿನ್’ ಎಂದು ಹೊರಜಗತ್ತಿಗೆ ಪರಿಚಯವಾದ ಕೊರಿಯಾದ ಧಾರಾವಾಹಿಯ ಬಗ್ಗೆ. 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ ಟಿವಿಎನ್ ವಾಹಿನಿಯಲ್ಲಿ ಪ್ರಸಾರವಾಯಿತು. ಒಟ್ಟು 16 ಕಂತು. ಬರೆದವರು ಕಿಮ್ ಉನ್‌ಸುಕ್, ನಿರ್ದೇಶಿಸಿದವರು ಲೀ ಉಂಗ್‌ಬೊಕ್. ಟಿವಿಎನ್ ಹಣ ಕೊಟ್ಟು ನೋಡಬೇಕಾದ ಕೇಬಲ್ ವಾಹಿನಿ. ಅಂಥ ವಾಹಿನಿಯಲ್ಲಿ ಬಂದ ಧಾರಾವಾಹಿಯ ಕೊನೆಯ ಕಂತು ವೀಕ್ಷಕರ ಪ್ರಮಾಣದಲ್ಲಿ ಶೇಕಡಾ 20ರ ಗಡಿ ದಾಟಿದ್ದು ಆ ದೇಶದಲ್ಲಿ ಅದೇ ಮೊದಲು. ಕೊರಿಯಾದ ಸಿನಿಮಾ, ಕಿರುತೆರೆಗಳಿಗೆ ಕೊಡುವ ಬೆಕ್ಸಾಂಗ್ ಪ್ರಶಸ್ತಿಗಳಲ್ಲಿ ಆ ವರ್ಷ ದೂರದರ್ಶನ ವಿಭಾಗದ ಅತ್ಯುನ್ನತ ಗೌರವ ಸಂದದ್ದು ನಟನಿಗಲ್ಲ, ಬರಹಗಾರ್ತಿಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತು ನಾನು ಮೆಚ್ಚುವುದೂ ತಕರಾರು ಮಾಡುವುದೂ ಅವರ ಬರವಣಿಗೆಯನ್ನೇ.

ಇನ್ನೂ ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಧ್ಯಯುಗದ ಕೊರಿಯಾ, ಗೊರ್ಯೊ ರಾಜ್ಯದ ಕಾಲ. ಸೋಲೇ ಅರಿಯದ ಸೇನಾಪತಿ ಕಿಮ್ ಶಿನ್. ಜನ ಅವನನ್ನು ದೇವರೆಂದೇ ಕೊಂಡಾಡುತ್ತಾರೆ. ಎಳೆಯ ಅರಸನಿಗೆ ಅದು ಸಹಿಸಲಾಗದು. ಕಿವಿ ಊದಲು ಪಾರ್ಕ್ ಜುಂಗ್‌ಹನ್ ಎಂಬ ಮಂತ್ರಿ ಬೇರೆ. ಯುದ್ಧ ಗೆದ್ದು ಬಂದ ಸೇನಾಪತಿಯನ್ನು ಅರಮನೆಯ ಅಂಗಳದಲ್ಲೇ, ಅವನದೇ ಕತ್ತಿಯಿಂದ ಇರಿದು ಕೊಲ್ಲಿಸುತ್ತಾರೆ. ರಾಣಿ ಅವನ ತಂಗಿ, ಅವಳೂ ಬಾಣಕ್ಕೆ ಬಲಿಯಾಗುತ್ತಾಳೆ. ಜನರ ಮೊರೆ ಕೇಳಿ ದೇವರು ಕಿಮ್ ಶಿನ್‌ನನ್ನು ಎಬ್ಬಿಸುತ್ತಾನೆ. ಆದರೆ ಅವನ ಕತ್ತಿಗೆ ಸಾವಿರಾರು ಮಂದಿಯ ರಕ್ತ ಅಂಟಿದೆಯಲ್ಲ, ಅದಕ್ಕೆ ಶಿಕ್ಷೆಯೂ ಉಂಟು. ಸಾವಿಲ್ಲದೆ ಬದುಕು, ನಿನ್ನವರೆಲ್ಲ ಒಬ್ಬೊಬ್ಬರಾಗಿ ಸಾಯುವುದನ್ನು ನೋಡು ಎಂದು. ಕತ್ತಿ ಎದೆಯಲ್ಲಿಯೇ ಉಳಿಯುತ್ತದೆ. ಅದನ್ನು ಕಾಣಬಲ್ಲವಳು, ಕೀಳಬಲ್ಲವಳು ಅವನ ವಧು ಒಬ್ಬಳೇ. ಕಿತ್ತ ಗಳಿಗೆಯಲ್ಲಿ ಅವನಿಗೆ ಮುಕ್ತಿ. 939 ವರ್ಷ ವಯಸ್ಸಾದ ಮೇಲೆ ಆ ವಧು ಸಿಗುತ್ತಾಳೆ. ಹೆಸರು ಜಿ ಉನ್‌ತಾಕ್. ಶಾಲೆಯ ಕೊನೆಯ ವರ್ಷದಲ್ಲಿ ಓದುತ್ತಿರುವ ಅನಾಥ ಹುಡುಗಿ.

ಇದನ್ನು ಕೇಳಿದ ಕೂಡಲೇ ನಿಮ್ಮಲ್ಲಿ ಹಲವರಿಗೆ ಅಶ್ವತ್ಥಾಮ ನೆನಪಾಗಿರಬೇಕು. ನನಗೂ ಹಾಗೆಯೇ ಆಯಿತು. ವಾಸಿಯಾಗದ ಗಾಯ ಹೊತ್ತು, ಸಾವಿಗಾಗಿ ಹಂಬಲಿಸುತ್ತ ಅಲೆಯುವ ಯೋಧನನ್ನು ಬಲ್ಲ ನಮಗೆ ಕಿಮ್ ಶಿನ್ ಹೊಸಬನಲ್ಲ. ಆದರೆ ಅಶ್ವತ್ಥಾಮನಿಗೆ ಯಾರೂ ಮನೆ ಕಟ್ಟಿಕೊಡಲಿಲ್ಲ. ಕಿಮ್ ಶಿನ್‌ಗೆ ಮನೆಯಿದೆ, ತಲೆಮಾರುಗಳಿಂದ ಅವನನ್ನು ನೋಡಿಕೊಂಡು ಬಂದ ಒಂದು ಕುಟುಂಬವಿದೆ. ಆ ಮನೆತನದಲ್ಲಿ ಮೊಮ್ಮಗನಾಗಿ ಬಂದವನು ಬೆಳೆದು ಅಜ್ಜನಾಗಿ ಸಾಯುತ್ತಾನೆ, ಮತ್ತೆ ಅವನ ಮೊಮ್ಮಗ ಬರುತ್ತಾನೆ, ಇವನು ಮಾತ್ರ ಹಾಗೆಯೇ ಇರುತ್ತಾನೆ. ಇಷ್ಟರಿಂದಲೇ ಶಾಪದ ಭಾರ ನಮಗೆ ತಿಳಿದುಹೋಗುತ್ತದೆ. ಬೇರೆ ವಿವರಣೆ ಬೇಕಾಗುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ‘ಗಾಬ್ಲಿನ್’ ಎಂಬ ಇಂಗ್ಲಿಷ್ ಪದ ಇವನಿಗೆ ಸ್ವಲ್ಪವೂ ಹೊಂದುವುದಿಲ್ಲ. ಕೊರಿಯನ್ನರ ಮಾತು ದೊಕ್ಕೆಬಿ. ನಮ್ಮ ದೆವ್ವ, ಭೂತ, ಬ್ರಹ್ಮರಾಕ್ಷಸ, ಇವರಲ್ಲಿ ಯಾರೂ ಅದಕ್ಕೆ ಸರಿಸಾಟಿಯಲ್ಲ. ಜನಪದ ಕಥೆಗಳ ದೊಕ್ಕೆಬಿ ಸತ್ತ ಮನುಷ್ಯನಿಂದ ಹುಟ್ಟುವುದಿಲ್ಲ. ಸವೆದ ಪೊರಕೆಯಂಥ ಹಳೆಯ ವಸ್ತುಗಳಿಂದ, ಅದರಲ್ಲೂ ರಕ್ತ ಸೋಕಿದ ವಸ್ತುಗಳಿಂದ ಹುಟ್ಟುತ್ತದೆ. ಕೈಯಲ್ಲೊಂದು ಮಾಯದ ದೊಣ್ಣೆ, ಹಾದಿಹೋಕರನ್ನು ಕುಸ್ತಿಗೆ ಕರೆಯುವ ಚಪಲ, ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನಿಂದ ಮಾಡಿದ ತಿನಿಸಿನ ಆಸೆ. ಕಿಮ್ ಉನ್‌ಸುಕ್ ಈ ತುಂಟನನ್ನು ತೆಗೆದುಕೊಂಡು ದುರಂತ ನಾಯಕನನ್ನಾಗಿ ಮಾಡಿದ್ದಾರೆ. ಪೊರಕೆಯ ಜಾಗಕ್ಕೆ ರಕ್ತ ಕುಡಿದ ಕತ್ತಿ ಬಂದಿದೆ. ತಿನಿಸಿನ ಜಾಗಕ್ಕೆ ಅದೇ ಬಕ್‌ವೀಟ್ ಬಿಳಿಯಾಗಿ ಹೂಬಿಟ್ಟ ಹೊಲ ಬಂದಿದೆ. ಕೊಂದ ಮೇಲೆ ಅವನ ಹೆಣ ಬಿದ್ದಿದ್ದದ್ದು ಅಂಥ ಹೊಲದಲ್ಲಿ. ಹುಡುಗಿಯ ಕೈಗೆ ಮೊದಲು ಸಿಗುವುದೂ ಅದೇ ಹೂವಿನ ಗೊಂಚಲು. ಇದಕ್ಕೆ ಏನರ್ಥ ಎಂದು ಅವಳು ಕೇಳುತ್ತಾಳೆ. ‘ಪ್ರೇಮಿಗಳು’ ಎನ್ನುತ್ತಾನೆ. ಜನಪದದ ಒಂದು ಚೂರನ್ನೂ ಹಾಳುಮಾಡದೆ ಹೊಸ ಕಥೆಗೆ ಒಗ್ಗಿಸುವುದೆಂದರೆ ಹೀಗೆ.

ಧಾರಾವಾಹಿಯ ಪೂರ್ತಿ ಕೊರಿಯನ್ ಶೀರ್ಷಿಕೆಯಲ್ಲೂ ಇಂಥದೊಂದು ಕುಶಲತೆಯಿದೆ. ‘ಒಂಟಿಯಾದ, ಉಜ್ವಲನಾದ’ ಎಂಬ ಅರ್ಥದ ಮಾತುಗಳು ಅಲ್ಲಿವೆ. ಕೊನೆಯಲ್ಲಿ ‘ಶಿನ್’ ಎಂಬ ಸದ್ದು ಬರುತ್ತದೆ. ನಾವು ‘ಬಂದರು’ ಎನ್ನುವಾಗಿನ ‘ರು’ ಇದ್ದಂತೆ ಅದು ಗೌರವ ಸೂಚಿಸುವ ರೂಪ. ಆ ಒಂದನ್ನು ಮಾತ್ರ ಕೊರಿಯನ್ ಲಿಪಿಯಲ್ಲಿ ಬರೆಯದೆ, ಅದೇ ಉಚ್ಚಾರಣೆಯ ಚೀನೀ ಅಕ್ಷರದಲ್ಲಿ ಬರೆದಿದ್ದಾರೆ. ಆ ಅಕ್ಷರದ ಅರ್ಥ ದೇವರು. ನಾಯಕನ ಹೆಸರೂ ಶಿನ್. ಭಾಷೆಯನ್ನು ಇಷ್ಟು ಪ್ರೀತಿಯಿಂದ ಬಳಸುವವರನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ಈಗ ಆ ಚಹಾದ ಕೋಣೆಗೆ ಹಿಂದಿರುಗೋಣ. ಸತ್ತವರು ಕಳೆದ ಬದುಕನ್ನು ಮರೆಯಲೆಂದು ಚಹಾ ಕೊಡುವ ಕೋಣೆ ಅದು. ಅಲ್ಲಿ ಕುಳಿತ ತರುಣನನ್ನು ಇಂಗ್ಲಿಷ್ ಅಡಿಬರಹಗಳು ಏನೇನೋ ಹೆಸರಿನಿಂದ ಕರೆಯುತ್ತವೆ. ಕೊರಿಯನ್ ಮಾತಿನ ನೇರ ಅರ್ಥ ‘ಪರಲೋಕದ ದೂತ’. ಅಂದರೆ ನಮ್ಮ ಯಮದೂತನೇ. ಇದು ಬರೀ ಹೋಲಿಕೆಯೂ ಅಲ್ಲ. ಕೊರಿಯನ್ನರ ನಂಬಿಕೆಯಲ್ಲಿ ಸತ್ತವರ ಲೋಕದ ಅರಸನ ಹೆಸರು ಯೊಮ್ರಾ. ನಮ್ಮ ಯಮರಾಜನೇ ಬೌದ್ಧಧರ್ಮದೊಂದಿಗೆ ಚೀನಾ ದಾಟಿ ಅಲ್ಲಿಗೆ ಹೋಗಿ ಯೊಮ್ರಾ ಆಗಿದ್ದಾನೆ. ಎಲ್ಲಿಂದಲೋ ಬಂದ ಕಥೆ ನಮಗೇಕೆ ಇಷ್ಟು ಹತ್ತಿರವೆನಿಸುತ್ತದೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಕಥೆಯ ಬೇರು ಒಂದು ಕಡೆ ನಮ್ಮ ಅಂಗಳಕ್ಕೂ ಬಂದಿದೆ ಎಂಬುದೇ ನನ್ನ ಉತ್ತರ.

ನಾವು ಏಳೇಳು ಜನ್ಮ ಎನ್ನುತ್ತೇವೆ. ಈ ಧಾರಾವಾಹಿಯಲ್ಲಿ ಮನುಷ್ಯನಿಗೆ ನಾಲ್ಕು ಜನ್ಮ. ಬಿತ್ತುವ ಜನ್ಮ, ಬಿತ್ತಿದ್ದಕ್ಕೆ ನೀರೆರೆಯುವ ಜನ್ಮ, ಕೊಯ್ಯುವ ಜನ್ಮ, ಕೊಯ್ದದ್ದನ್ನು ಉಣ್ಣುವ ಜನ್ಮ. ಎಂಥ ರೈತನ ಲೆಕ್ಕ ನೋಡಿ! ಯಾರಾದರೂ ತೀರಿಕೊಂಡಾಗ ನಮ್ಮ ಅಜ್ಜಿ ‘ಋಣ ಇದ್ದಷ್ಟು ದಿನ’ ಎನ್ನುತ್ತಿದ್ದರು. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದರು. ಚಿಕ್ಕವಳಾಗಿದ್ದಾಗ ಅದು ನನಗೆ ಕಲ್ಲುಮನಸ್ಸಿನ ಮಾತೆನಿಸುತ್ತಿತ್ತು. ಆ ಮಾತಿನೊಳಗೆ ಎಷ್ಟು ದುಃಖ ಅಡಗಿತ್ತೆಂದು ಅರಿವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಈ ಧಾರಾವಾಹಿಯ ಅತಿ ದೊಡ್ಡ ಶಕ್ತಿ ಇಲ್ಲಿದೆ. ಅದು ಸತ್ತವರನ್ನು ಮರ್ಯಾದೆಯಿಂದ ಕಳುಹಿಸಿಕೊಡುತ್ತದೆ. ಉನ್‌ತಾಕ್‌ಗೆ ಹುಟ್ಟಿನಿಂದಲೇ ಸತ್ತವರು ಕಾಣುತ್ತಾರೆ. ಬಾಡಿಗೆಯ ಕಿರುಕೋಣೆಯೊಂದರಲ್ಲಿ ಸತ್ತುಹೋದ ಒಬ್ಬ ಹುಡುಗಿ ಅವಳ ಮುಂದೆ ಬಂದು ನಿಲ್ಲುತ್ತಾಳೆ. ಅವಳ ಕೋರಿಕೆ ಏನು? ನನ್ನ ಅಮ್ಮ ನಾಳೆ ಕೋಣೆ ತೆರವು ಮಾಡಲು ಬರುತ್ತಾಳೆ, ಫ್ರಿಜ್ ಖಾಲಿ ಇದ್ದರೆ ಮಗಳು ಹಸಿದೇ ಇದ್ದಳೆಂದು ಕೊರಗುತ್ತಾಳೆ, ಅದನ್ನು ತುಂಬಿಸಿಡು. ಇಷ್ಟೇ. ಉನ್‌ತಾಕ್ ಹೋಗಿ ಕೋಣೆ ಓರಣ ಮಾಡಿ ಫ್ರಿಜ್ ತುಂಬಿಸುತ್ತಾಳೆ. ತಾಯಿ ಬಂದು ಬಾಗಿಲು ತೆರೆಯುತ್ತಾಳೆ. ಊರು ಬಿಟ್ಟು ಪಿ.ಜಿ.ಗಳಲ್ಲಿ ಇರುವ ಮಕ್ಕಳಿಗೆ ‘ಊಟ ಆಯಿತಾ’ ಎಂದು ದಿನವೂ ಫೋನಿನಲ್ಲಿ ಕೇಳುವ ಎಷ್ಟೋ ತಾಯಂದಿರು ಇಲ್ಲಿದ್ದೀರಿ. ಆ ದೃಶ್ಯವನ್ನು ನಾನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ಉದಾಹರಣೆ. ಬಹಳ ಹಿಂದೆ ಪ್ಯಾರಿಸ್‌ನಲ್ಲಿ, ಮನೆ ಬಿಟ್ಟು ಓಡಿಹೋಗಲು ಹೊರಟ ಒಬ್ಬ ಕೊರಿಯನ್ ಹುಡುಗ ಕಿಮ್ ಶಿನ್‌ಗೆ ಎದುರಾಗುತ್ತಾನೆ. ಕಿಮ್ ಶಿನ್ ಅವನಿಗೆ ಒಂದು ಸ್ಯಾಂಡ್‌ವಿಚ್ ಕೊಡುತ್ತಾನೆ, ಮನೆಗೆ ಹಿಂದಿರುಗು ಎನ್ನುತ್ತಾನೆ, ಮತ್ತೆ ಪರೀಕ್ಷೆಯ 17ನೆಯ ಪ್ರಶ್ನೆಗೆ ಸರಿಯುತ್ತರ 4 ಅಲ್ಲ, 2 ಎಂದು ಹೇಳಿ ಹೋಗುತ್ತಾನೆ. ವರ್ಷಗಳು ಉರುಳುತ್ತವೆ. ಆ ಹುಡುಗ ವಕೀಲನಾಗಿ, ಕಷ್ಟದಲ್ಲಿದ್ದವರಿಗೆ ನೆರವಾಗಿ, ಮುದುಕನಾಗಿ ಸತ್ತು ಅದೇ ಚಹಾದ ಕೋಣೆಗೆ ಬರುತ್ತಾನೆ. ಅಲ್ಲಿ ಕಿಮ್ ಶಿನ್ ಕೇಳುತ್ತಾನೆ, ಉತ್ತರ ಹೇಳಿಕೊಟ್ಟರೂ ನೀನು ತಪ್ಪನ್ನೇ ಬರೆದೆಯಲ್ಲ, ಏಕೆ? ಎಷ್ಟು ಸಲ ಮಾಡಿದರೂ ಆ ಲೆಕ್ಕ ನನಗೆ ಬಿಡಿಸಲಾಗಲಿಲ್ಲ, ಬಿಡಿಸಲಾಗದ್ದಕ್ಕೆ ಉತ್ತರ ಬರೆಯುವುದು ಹೇಗೆ ಎನ್ನುತ್ತಾನೆ ಮುದುಕ. ಪವಾಡ ಕಂಡವರು ಹೆಚ್ಚಿನವರು ಅಲ್ಲಿಯೇ ನಿಂತು ಇನ್ನೊಂದು ಪವಾಡ ಬೇಡುತ್ತಾರೆ, ನೀನು ನಿನ್ನ ಬದುಕನ್ನು ನೀನೇ ಮುಂದಕ್ಕೆ ತಳ್ಳಿಕೊಂಡು ಹೋದೆ ಎಂಬ ಅರ್ಥದ ಮಾತನ್ನು ಆಗ ಕಿಮ್ ಶಿನ್ ಹೇಳುತ್ತಾನೆ. ದೇವರು, ಪವಾಡ, ಮನುಷ್ಯನ ಪ್ರಯತ್ನ, ಈ ಮೂರರ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕಿರುತೆರೆಯಲ್ಲಿ ಕೇಳಿಲ್ಲ.

ಎರಡನೆಯ ಶಕ್ತಿ, ಆ ಇಬ್ಬರು ಗಂಡಸರು. ದೊಕ್ಕೆಬಿಯಾಗಿ ಗೊಂಗ್ ಯೂ, ಯಮದೂತನಾಗಿ ಲೀ ಡಾಂಗ್‌ವುಕ್. ವಿಧಿವಶಾತ್ ಇಬ್ಬರೂ ಒಂದೇ ಮನೆಯಲ್ಲಿ ಇರಬೇಕಾಗುತ್ತದೆ. ಎರಡನೆಯ ಕಂತಿನ ಕೊನೆ ನೆನಪು ಮಾಡಿಕೊಳ್ಳಿ. ಸಾಲ ಕೊಟ್ಟವರ ಕಡೆಯವರು ಉನ್‌ತಾಕ್‌ಳನ್ನು ಕಾರಿನಲ್ಲಿ ಹೊತ್ತೊಯ್ಯುತ್ತಿದ್ದಾರೆ. ರಸ್ತೆಯ ದೀಪಗಳು ಒಂದೊಂದಾಗಿ ಆರುತ್ತವೆ. ಮಂಜಿನ ನಡುವಿನಿಂದ ಇಬ್ಬರೂ ಉದ್ದ ಕೋಟು ತೊಟ್ಟು ಅಕ್ಕಪಕ್ಕದಲ್ಲಿ ನಡೆದು ಬರುತ್ತಾರೆ. ಕಾರು ಉದ್ದಕ್ಕೆ ಎರಡು ಹೋಳಾಗುತ್ತದೆ. ನೋಡಿದವರೆಲ್ಲ ಮತ್ತೆ ಮತ್ತೆ ಹೇಳುವ ದೃಶ್ಯ ಅದು. ನನಗೆ ಅದಕ್ಕಿಂತ ಮುಖ್ಯವಾದದ್ದು ಅವರಿಬ್ಬರ ಅಡುಗೆಮನೆಯ ಜಗಳಗಳು, ಹೊಂದಿಕೊಳ್ಳುವ ಪರಿ. ಏಕೆಂದರೆ ಮುಂದೆ ತಿಳಿಯುತ್ತದೆ, ಈ ಯಮದೂತನೇ ಆ ಹಿಂದಿನ ಅರಸ. ತನ್ನನ್ನು ಕೊಲ್ಲಿಸಿದವನ ಜೊತೆ ಕಿಮ್ ಶಿನ್ ಇಷ್ಟು ದಿನ ಒಂದೇ ಮೇಜಿನಲ್ಲಿ ಉಂಡಿದ್ದಾನೆ. ಆ ಅರಸನಾದರೋ, ವಿಷವೆಂದು ಗೊತ್ತಿದ್ದೂ ಔಷಧ ಕುಡಿದು ತನ್ನನ್ನು ತಾನೇ ಕೊಂದುಕೊಂಡವನು. ಶಿಕ್ಷೆಯಾಗಿ ಹೆಸರು, ನೆನಪು ಎರಡೂ ಕಳೆದುಕೊಂಡು ದೂತನಾಗಿದ್ದಾನೆ. ಯಾರದೆಂದು ತಿಳಿಯದ ಒಬ್ಬ ರಾಣಿಯ ಚಿತ್ರದ ಮುಂದೆ ನಿಂತು, ಏಕೆಂದು ತಿಳಿಯದೆ ಬಿಕ್ಕಿ ಬಿಕ್ಕಿ ಅಳುತ್ತಾನಲ್ಲ, ಲೀ ಡಾಂಗ್‌ವುಕ್ ಅಲ್ಲಿ ಮಾಡಿದ ಅಭಿನಯವನ್ನು ಮೆಚ್ಚಲು ನನ್ನಲ್ಲಿ ಮಾತು ಸಾಲದು.

ದೃಶ್ಯವೈಭವದ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ಬೇಗ ದಾಟುತ್ತೇನೆ. ದೊಕ್ಕೆಬಿಗೆ ದುಃಖವಾದರೆ ಮಳೆ, ಸಂತೋಷವಾದರೆ ಅಕಾಲದಲ್ಲಿ ಹೂವು. ಸೋಲ್ ನಗರದ ಒಂದು ಬಾಗಿಲು ತೆರೆದರೆ ಕೆನಡಾದ ಕ್ವಿಬೆಕ್ ನಗರದ ಬೀದಿ. ಹುಡುಗಿ ಮೊದಲ ಬಾರಿ ಅವನನ್ನು ಕರೆಸಿಕೊಂಡ ಜುಮುನ್‌ಜಿನ್ ಕಡಲ ತೀರದ ಕಲ್ಲಿನ ಕಟ್ಟೆಯ ಮೇಲೆ, ಧಾರಾವಾಹಿ ಮುಗಿದ ಮೇಲೂ ಜನ ಸಾಲುಗಟ್ಟಿ ನಿಂತು ಕೆಂಪು ಸ್ಕಾರ್ಫ್ ಸುತ್ತಿ, ಹೂಗುಚ್ಛ ಹಿಡಿದು ಚಿತ್ರ ತೆಗೆಸಿಕೊಂಡರು. ಕಥೆಯಲ್ಲಿ ಓದಿದ ಒಂದು ಕವಿತೆಯಿಂದಾಗಿ ಒಂದು ಕವನ ಸಂಗ್ರಹ ಪುಸ್ತಕದ ಅಂಗಡಿಗಳಲ್ಲಿ ಬಿಸಿಯಾಗಿ ಮಾರಾಟವಾಯಿತು. ಧಾರಾವಾಹಿಯೊಂದು ಜನರ ಕೈಗೆ ಕವನ ಸಂಗ್ರಹ ಕೊಡುವುದಾದರೆ ಅದಕ್ಕಿಂತ ಬೇರೇನು ಬೇಕು?

ಇಷ್ಟು ಮೆಚ್ಚಿದವಳು ಈಗ ಜಗಳಕ್ಕೆ ನಿಲ್ಲುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೆ ಹದಿನೇಳು ವರ್ಷ. ಎರಡನೆಯ ಸಲ ನಾನು ಇದನ್ನು ನೋಡಿದ್ದು ಅವಳ ಜೊತೆ. ಅರ್ಧ ದಾಟಿದ ಮೇಲೆ ಒಂದು ರಾತ್ರಿ ಅವಳು ಕೇಳಿದಳು, ‘ಚಿಕ್ಕಮ್ಮ, ಈ ಹುಡುಗಿಗೆ ಅವನನ್ನು ಬಿಟ್ಟು ಬೇರೆ ಏನಾದರೂ ಬೇಕಿತ್ತಾ?’ ನಾನು ಬಾಯಿಬಿಡಲಾಗದೆ ಕುಳಿತೆ. ಯೋಚಿಸಿ ನೋಡಿ. ಮೊದಲ ಭೇಟಿಯಲ್ಲಿ, ಹುಟ್ಟುಹಬ್ಬದ ಮೇಣದ ಬತ್ತಿ ಆರಿಸಿ ಉನ್‌ತಾಕ್ ಬೇಡಿದ್ದು ಮೂರು. ಒಂದು ಅರೆಕಾಲಿಕ ಕೆಲಸ, ಹಿಂಸೆ ಕೊಡುವ ಚಿಕ್ಕಮ್ಮನ ಮನೆಯವರಿಂದ ಬಿಡುಗಡೆ, ಒಬ್ಬ ಗೆಳೆಯ. ಎಷ್ಟು ಜೀವಂತ ಹುಡುಗಿ ಅವಳು! ಕೂಲಿ, ನೆಲೆ, ಪ್ರೀತಿ, ಮೂರನ್ನೂ ಕೇಳುತ್ತಾಳೆ. ಆದರೆ ಕಂತುಗಳು ಮುಂದುವರಿದಂತೆ ಮೂರನೆಯ ಬೇಡಿಕೆ ಉಳಿದೆರಡನ್ನೂ ನುಂಗಿಬಿಡುತ್ತದೆ. ಆಮೇಲೆ ಅವಳು ಕಾಲೇಜಿಗೆ ಹೋಗುತ್ತಾಳೆ, ರೇಡಿಯೋದಲ್ಲಿ ಕಾರ್ಯಕ್ರಮ ನಿರ್ಮಾಪಕಿಯೂ ಆಗುತ್ತಾಳೆ. ಆ ಕಾಲೇಜು ಹೇಗಿತ್ತು, ಆ ಕೆಲಸದಲ್ಲಿ ಅವಳ ಖುಷಿಯೇನು, ನಮಗೆ ತೋರಿಸುವುದಿಲ್ಲ. ಬರಹಗಾರ್ತಿಗೆ ಆ ಬಗ್ಗೆ ಕುತೂಹಲವಿಲ್ಲ.

ವಯಸ್ಸಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ನಾನು ಸಿದ್ಧಳಿಲ್ಲ. 939 ವರ್ಷ ಎಂಬುದು ಮಾಯೆಯ ಲೆಕ್ಕ, ಅದನ್ನು ಬಿಡಿ. ನಮ್ಮ ಕಣ್ಣಿಗೆ ಕಾಣುವುದು ಸಮವಸ್ತ್ರ ತೊಟ್ಟ ಶಾಲಾ ಹುಡುಗಿ ಮತ್ತು ಮೂವತ್ತು ದಾಟಿದ ಗಂಡಸು. ಕೊರಿಯಾದಲ್ಲಿ ಹಳೆಯ ರೂಢಿಯ ಪ್ರಕಾರ ಅವಳ ವಯಸ್ಸು 19. ನಾವು ಎಣಿಸುವಂತೆ ಎಣಿಸಿದರೆ ಇನ್ನೂ ಕಡಿಮೆ. ಪ್ರಸಾರದ ದಿನಗಳಲ್ಲೇ ಈ ಬಗ್ಗೆ ಆಕ್ಷೇಪ ಎದ್ದಿತ್ತು. ನಟಿ ಕಿಮ್ ಗೊ-ಉನ್ ಚುರುಕುತನದಿಂದ, ತುಂಟತನದಿಂದ ಆ ಇರುಸುಮುರುಸನ್ನು ಬಹುಪಾಲು ತೊಡೆದುಹಾಕುತ್ತಾರೆ. ಆದರೆ ನಟಿಯ ಪ್ರತಿಭೆಯಿಂದ ಬರವಣಿಗೆಯ ತಪ್ಪು ಮುಚ್ಚಿಹೋಗಬಾರದು. ಅವಳನ್ನು ಕಾಲೇಜಿನ ವಿದ್ಯಾರ್ಥಿನಿ ಮಾಡಿದ್ದರೆ ಕಥೆಯ ಒಂದು ಎಳೆಯೂ ಕಡಿಯುತ್ತಿರಲಿಲ್ಲ.

ಇದಕ್ಕಿಂತ ಆಳದ ದೋಷ ಇನ್ನೊಂದಿದೆ. ಉನ್‌ತಾಕ್ ಹುಟ್ಟಿದ್ದೇ ಅವನ ಕತ್ತಿ ಕೀಳುವುದಕ್ಕಾಗಿ. ಕೀಳದಿದ್ದರೆ ಸಾವು ಅವಳನ್ನು ಬೆನ್ನಟ್ಟುತ್ತಲೇ ಇರುತ್ತದೆ. ಅಂದರೆ ಅವನಾದರೂ ಸಾಯಬೇಕು, ಅವಳಾದರೂ ಸಾಯಬೇಕು. ಎಂಥ ಇಕ್ಕಟ್ಟು! ಒಬ್ಬ ದೊಡ್ಡ ನಾಟಕಕಾರನಿಗೆ ಇಷ್ಟು ಸಾಕು. ಕತ್ತಿ ಕೀಳುವ ನಿರ್ಧಾರ ಅವಳದಾಗಿದ್ದರೆ, ಕಣ್ಣು ತೆರೆದು, ಎಲ್ಲ ತಿಳಿದು, ಪ್ರೀತಿಯಿಂದಲೋ ಸಿಟ್ಟಿನಿಂದಲೋ ಅವಳೇ ಕಿತ್ತಿದ್ದರೆ? ಹದಿಮೂರನೆಯ ಕಂತಿನಲ್ಲಿ ಏನಾಗುತ್ತದೆ ನೋಡಿ. ಪ್ರೇತವಾಗಿ ಉಳಿದ ಪಾರ್ಕ್ ಜುಂಗ್‌ಹನ್ ಅವಳ ಮೈಮೇಲೆ ಬರುತ್ತಾನೆ. ಯಮದೂತ ಅವನನ್ನು ಬಿಡಿಸುತ್ತಾನೆ. ಅವಳು ಕುಸಿಯುತ್ತಾಳೆ. ಕಿಮ್ ಶಿನ್ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕತ್ತಿಯನ್ನು ಎಳೆದುಕೊಳ್ಳುತ್ತಾನೆ. ಹನ್ನೆರಡು ಕಂತುಗಳಿಂದ ನಾವು ಕಾದ ಗಳಿಗೆ ಅದು. ಆ ಗಳಿಗೆಯಲ್ಲಿ ಕೈ ಅವಳದು, ನಿರ್ಧಾರ ಅವನದು. ಅವನು ಬೂದಿಯಾಗಿ ಹಾರಿಹೋಗುವಾಗ ಅವಳು ಅಳುವ ಅಳು ಎದೆ ಸೀಳುತ್ತದೆ. ನಾನೂ ಅತ್ತಿದ್ದೇನೆ. ಆದರೂ ಎರಡನೆಯ ಸಲ ನೋಡುವಾಗ ನನ್ನ ಕಣ್ಣು ಆ ಕೈಯ ಮೇಲೆಯೇ ನೆಟ್ಟಿತ್ತು.

ಬರಹಗಾರ್ತಿಗೆ ಹೆಣ್ಣಿನ ನಿರ್ಧಾರ ಬರೆಯಲು ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಸನ್ನಿಯನ್ನು ನೋಡಿ. ಯೂ ಇನ್ನಾ ನಟಿಸಿದ ಪಾತ್ರ, ಕೋಳಿ ಖಾದ್ಯದ ಅಂಗಡಿಯ ಒಡತಿ, ಹಿಂದಿನ ಜನ್ಮದ ಆ ರಾಣಿ. ಯಮದೂತನನ್ನು ಪ್ರೀತಿಸುತ್ತಾಳೆ. ಅವನೇ ತನ್ನನ್ನೂ ತನ್ನ ಅಣ್ಣನನ್ನೂ ಬಲಿಕೊಟ್ಟ ಅರಸನೆಂದು ನೆನಪಾಗುತ್ತದೆ. ಎಲ್ಲರ ನೆನಪನ್ನೂ ಅಳಿಸಿದಾಗಲೂ ಅವಳಿಗೆ ಎಲ್ಲವೂ ನೆನಪಿರುತ್ತದೆ. ಪ್ರೀತಿ ಸತ್ತಿಲ್ಲ, ಗಾಯವೂ ಮಾಗಿಲ್ಲ. ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ ಎಂದು ತೀರ್ಮಾನಿಸಿ ಊರನ್ನೇ ಬಿಟ್ಟು ಹೋಗುತ್ತಾಳೆ. ಅವನಿಗೆ ಕೊಡಬಹುದಾದ ಶಿಕ್ಷೆ ಅದೊಂದೇ ಎಂದು ಅವಳಿಗೆ ಗೊತ್ತು. ತನಗೂ ಅದು ಶಿಕ್ಷೆಯೇ ಎಂದೂ ಗೊತ್ತು. ಕ್ಷಮೆ ಎಂದರೆ ಸುಲಭಕ್ಕೆ ಸಿಗುವ ಸರಕಲ್ಲ ಎಂದು ತಿಳಿದ ಹೆಣ್ಣು ಅವಳು. ಮುಖ್ಯ ಜೋಡಿಗಿಂತ ಈ ಎರಡನೆಯ ಜೋಡಿಯೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಕಾರಣ ಇದು.

ಉಳಿದ ಕೊರತೆಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮಂತ್ರಿಯ ಪ್ರೇತ ಕಥೆಗೆ ಪ್ರವೇಶಿಸುವುದು ಬಹಳ ತಡವಾಗಿ. ಹಾಗಾಗಿ ಮಧ್ಯದ ಕಂತುಗಳಲ್ಲಿ ಎದುರಾಳಿಯಿಲ್ಲದೆ ಕಥೆ ನಿಂತ ನೀರಾಗುತ್ತದೆ. ಚಿಕ್ಕಮ್ಮನ ಮನೆಯವರು ಬರೀ ಕೆಟ್ಟವರು, ಅವರಲ್ಲಿ ಮನುಷ್ಯರಿಲ್ಲ. ಸ್ಯಾಂಡ್‌ವಿಚ್ ಅಂಗಡಿ, ಕಾಫಿ ಅಂಗಡಿ, ತಂಪು ಪಾನೀಯದ ಬಾಟಲಿಗಳು ಕಥೆಯ ನಡುವೆ ಜಾಹೀರಾತಾಗಿ ತೂರಿಕೊಂಡು, ಒಳ್ಳೆಯ ದೃಶ್ಯಗಳ ಗಾಂಭೀರ್ಯ ಕೆಡಿಸುತ್ತವೆ. ಕತ್ತಿ ಕಿತ್ತ ಮೇಲೆ ಒಂಬತ್ತು ವರ್ಷದ ಮರೆವು ಬಂದು, ಅಷ್ಟು ದೊಡ್ಡ ಕಾಲ ಅವಸರದಲ್ಲಿ ಕಳೆದುಹೋಗುತ್ತದೆ. ಅಲ್ಲಿ ಪ್ರಸಾರದ ಒತ್ತಡವೂ ಇತ್ತು. ಹದಿಮೂರನೆಯ ಕಂತು ಬಂದ ಮರುದಿನ ಹದಿನಾಲ್ಕನೆಯದು ಬರಬೇಕಿತ್ತು, ಬರಲಿಲ್ಲ. ಅದರ ಬದಲು ವಿಶೇಷ ಕಾರ್ಯಕ್ರಮ ತೋರಿಸಿ, ಮುಂದಿನ ವಾರ ಎರಡೇ ದಿನಗಳಲ್ಲಿ ಉಳಿದ ಮೂರು ಕಂತುಗಳನ್ನು ಮುಗಿಸಿದರು. ಒಂದು ಕಡೆ ಚಿತ್ರೀಕರಣ, ಇನ್ನೊಂದು ಕಡೆ ಪ್ರಸಾರ ನಡೆಯುವ ಅಲ್ಲಿನ ಪದ್ಧತಿ ಕಲಾವಿದರನ್ನೂ ತಂತ್ರಜ್ಞರನ್ನೂ ಎಷ್ಟು ಹಿಂಡುತ್ತಿತ್ತೆಂದು ಇದರಿಂದ ಊಹಿಸಬಹುದು.

ಕೊನೆಯ ಕಂತಿಗೆ ಬರೋಣ. ಕಿಮ್ ಶಿನ್ ಹಿಂದಿರುಗಿದ್ದಾನೆ. ಮದುವೆಯಾಗಿದೆ. ಬಕ್‌ವೀಟ್ ಹೊಲದಲ್ಲಿ ಬಿಳಿ ಹೂಗಳ ನಡುವೆ ಆದ ಮದುವೆ. ಹೆಚ್ಚು ದಿನ ಕಳೆದಿರುವುದಿಲ್ಲ, ಇಳಿಜಾರಿನ ರಸ್ತೆಯಲ್ಲಿ ಒಂದು ಲಾರಿ ಹಿಡಿತ ತಪ್ಪಿ, ಪುಟ್ಟ ಮಕ್ಕಳಿರುವ ಶಾಲಾ ವಾಹನದ ಕಡೆಗೆ ಉರುಳಿ ಬರುತ್ತದೆ. ಉನ್‌ತಾಕ್ ತನ್ನ ಕಾರನ್ನು ಅಡ್ಡ ನಿಲ್ಲಿಸಿ ಸಾಯುತ್ತಾಳೆ. ಲಾರಿ ಅಪಘಾತ ಕೊರಿಯಾದ ಧಾರಾವಾಹಿಗಳಲ್ಲಿ ಸವೆದುಹೋದ ದಾರಿ, ಅದು ಇಲ್ಲಿಯೂ ಬಂತಲ್ಲ ಎಂಬುದು ಒಂದು ನೋವು. ಆದರೆ ನನ್ನ ಅಕ್ಕನ ಮಗಳು ಇದನ್ನು ಬೇರೆ ರೀತಿ ನೋಡಿದಳು. ‘ಇದೊಂದು ಮಾತ್ರ ಅವಳೇ ಮಾಡಿದ್ದು, ಚಿಕ್ಕಮ್ಮ’ ಎಂದಳು. ನಿಜ. ಯಮದೂತರ ಪಟ್ಟಿಯಲ್ಲೂ ಇರದ ಸಾವು ಅದು. ಬರೆದಿಟ್ಟ ವಿಧಿಯನ್ನು ಮೀರಿ ಅವಳು ತನ್ನ ಸ್ವಂತ ಇಚ್ಛೆಯಿಂದ ಮಾಡಿದ್ದು. ಚಹಾದ ಕೋಣೆಗೆ ಬಂದಾಗ ಬಟ್ಟಲನ್ನು ಮುಟ್ಟುವುದೂ ಇಲ್ಲ. ಮರೆಯಲಾರೆ, ನೆನಪಿಟ್ಟುಕೊಂಡೇ ಹೋಗುತ್ತೇನೆ, ಓಡಿಹೋಗಿ ಓಡಿಬರುತ್ತೇನೆ ಎನ್ನುತ್ತಾಳೆ. ಹುಡುಗಿಯ ಮಾತಿಗೆ ನಾನು ಎದುರಾಡಲಿಲ್ಲ. ಆದರೆ ಒಂದು ಹೆಣ್ಣಿಗೆ ಕಥೆಗಾರ್ತಿ ಕೊಟ್ಟ ಏಕೈಕ ಸ್ವಂತ ನಿರ್ಧಾರ ಸಾವೇ ಆಗಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಕ್ವಿಬೆಕ್‌ನ ಆ ದಿಣ್ಣೆ. ವರ್ಷಗಳು ಕಳೆದಿವೆ. ಅವನು ಸಮಾಧಿಗಳ ನಡುವೆ ಪುಸ್ತಕ ಹಿಡಿದು ಕಾದು ಕುಳಿತಿದ್ದಾನೆ. ದಿಣ್ಣೆ ಹತ್ತಿ ಒಬ್ಬ ಹುಡುಗಿ ಬರುತ್ತಾಳೆ. ಹೊಸ ಜನ್ಮ, ಹೊಸ ಹೆಸರು, ಹಳೆಯ ನೆನಪು. ಅವನನ್ನು ಕಂಡು ಅವಳ ಮುಖ ಅರಳುವ ರೀತಿ ನೋಡಿದರೆ ಕಾದದ್ದೆಲ್ಲ ಸಾರ್ಥಕವೆನಿಸುತ್ತದೆ. ಅಷ್ಟು ಚೆಂದದ ನಗು ಅದು. ಶಾಲಾ ಪ್ರವಾಸಕ್ಕೆ ಬಂದ ಹುಡುಗಿ ಅವಳು. ನಾಲ್ಕು ಜನ್ಮಗಳಲ್ಲಿ ಎರಡನೆಯದು ಈಗಷ್ಟೇ ಶುರುವಾಗಿದೆ, ಅವಳ ಮೈಮೇಲೆ ಮತ್ತೆ ಅದೇ ಸಮವಸ್ತ್ರ.